ಮೊದಲ ತುತ್ತಿಗೆ ಕರೆಯಲು ಹೋದವರು

ನನಗೆ ಅಡುಗೆ ಬರುತ್ತದೆ ಎಂದು ನನ್ನ ಹೆಂಡತಿಗೆ ಗೊತ್ತಾದದ್ದು ಮಗಳು ಹುಟ್ಟಿ ಆರು ತಿಂಗಳಾದ ಮೇಲೆ. ಅಡುಗೆ ಎಂದರೆ ಒಂದೇ ಅಡುಗೆ, ರಾಗಿ ಸರಿ. ಗಂಟಾಗದಂತೆ, ತಳ ಹಿಡಿಯದಂತೆ, ಮಗು ಉಗಿಯದಂತೆ ಮಾಡಬಲ್ಲೆ. ಅತ್ತೆಯವರು ಒಲೆಯ ಪಕ್ಕ ನಿಂತು ನೋಡಿ, "ಯಾರು ಕಲಿಸಿದ್ರಪ್ಪಾ, ನಿಮ್ಮ ತಾಯೀನಾ?" ಎಂದು ಕೇಳಿದರು. ನಮ್ಮಮ್ಮ ಗಂಡುಮಕ್ಕಳನ್ನು ಅಡುಗೆಮನೆಯ ಹೊಸಿಲು ದಾಟಲು ಬಿಟ್ಟವಳೇ ಅಲ್ಲ. ನಮ್ಮದು ತುಮಕೂರು ಮಂಡಿಪೇಟೆಯ ವ್ಯಾಪಾರಸ್ಥರ ಮನೆ, ಗಂಡಸರಿಗೆ ಎಲೆಯ ಮುಂದೆ ಕೂರುವುದಷ್ಟೇ ಗೊತ್ತಿತ್ತು. ನನಗೆ ಕಲಿಸಿದವರು ನನ್ನ ಪ್ರೊಫೆಸರು. ಆರಡಿ ಎತ್ತರ, ಪೊದೆ ಮೀಸೆ, ಮದುವೆಯಾಗದ ಗಂಡಸು.

ಆ ಪ್ರೊಫೆಸರು ಹೋದ ತಿಂಗಳು ಸದಾಶಿವನಗರದ ತಮ್ಮ ಮನೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಸುದ್ದಿ ಹೇಳಲು ಫೋನ್ ಮಾಡಿದ ಗೆಳೆಯನಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ಊಟ ಪೂರ್ತಿ ಮಾಡಿದ್ರಂತಾ?" ಎಂದು. ಅವನೂ ಅವರ ಶಿಷ್ಯನೇ, ಬೇಜಾರು ಮಾಡಿಕೊಳ್ಳಲಿಲ್ಲ. "ಮಾಡಿದ್ರಂತೆ ಕಣೋ, ಮೊಸರನ್ನ ಎರಡನೇ ಸಲ ಹಾಕಿಸ್ಕೊಂಡಿದ್ರಂತೆ" ಅಂದ. ನನಗೆ ಸಮಾಧಾನವಾಯಿತು. ದುಃಖವಾಗಲಿಲ್ಲವೆಂದಲ್ಲ. ಆದರೆ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ನಗು, ಅದರ ಹಿಂದೆಯೇ ಹಸಿವು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ತುಮಕೂರಿನಲ್ಲಿ ಹೌಸ್ ಸರ್ಜನ್ ಆಗಿದ್ದೆ. ಹೌಸ್ ಸರ್ಜನ್ ಎಂದರೆ ಓದು ಮುಗಿದಿರುತ್ತದೆ, ಬುದ್ಧಿ ಬಂದಿರುವುದಿಲ್ಲ, ಕುತ್ತಿಗೆಗೆ ಸ್ಟೆತಾಸ್ಕೋಪು ಮಾತ್ರ ಬಂದಿರುತ್ತದೆ. ಮಕ್ಕಳ ವಾರ್ಡಿಗೆ ಈ ಪ್ರೊಫೆಸರೇ ಮುಖ್ಯಸ್ಥರು. ವಾರ್ಡಿನ ಹಿಂದಿನ ವರಾಂಡದಲ್ಲಿ ಒಂದು ಪಂಪ್ ಸ್ಟೌ, ಎರಡು ಪಾತ್ರೆ, ಒಂದು ಸೌಟು, ಸಾಲಾಗಿ ಜೋಡಿಸಿದ ಹಾಲಿನ ಪುಡಿಯ ಡಬ್ಬಗಳು. ಸ್ಯಾಂಪಲ್ ಹಿಡಿದುಕೊಂಡು ಬರುವ ಕಂಪನಿಯವರಿಗೆ ಅವರು, "ಪುಡಿ ನೀವೇ ಇಟ್ಕೊಳ್ಳಿ, ಖಾಲಿ ಡಬ್ಬ ಇದ್ರೆ ಕೊಡಿ, ಮುಚ್ಚಳ ಗಟ್ಟಿ ಇರುತ್ತೆ" ಎನ್ನುತ್ತಿದ್ದರು. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿ ಹಿಟ್ಟು ಒಂದರಲ್ಲಿ, ಹುರಿದ ಹೆಸರುಬೇಳೆಯ ಪುಡಿ ಇನ್ನೊಂದರಲ್ಲಿ, ಕಡಲೆಕಾಯಿ ಪುಡಿ ಮತ್ತೊಂದರಲ್ಲಿ ಇರುತ್ತಿತ್ತು.

ಅವರದೊಂದು ಕಟ್ಟಳೆ. ಯಾವ ಊಟವನ್ನು ತಾನೇ ಬೇಯಿಸಿ ತಾನೇ ತಿಂದು, ಒಂದು ಮಗುವಿಗಾದರೂ ಬಟ್ಟಲು ಖಾಲಿಯಾಗುವ ತನಕ ತಿನ್ನಿಸಿಲ್ಲವೋ, ಆ ಊಟದ ಬಗ್ಗೆ ಡಾಕ್ಟರಾದವನು ಯಾವ ತಾಯಿಯ ಮುಂದೆಯೂ ಬಾಯಿ ಬಿಡಕೂಡದು. ಹಾಸ್ಟೆಲಿನಲ್ಲಿ ಅವರನ್ನು ಗಂಜಿ ಪ್ರೊಫೆಸರ್ ಎಂದು ಕರೆಯುತ್ತಿದ್ದೆವು. ಬೇರೆ ವಿಭಾಗಗಳಲ್ಲಿ ನಮ್ಮ ಗೆಳೆಯರು ಹೊಲಿಗೆ ಹಾಕುವುದು ಕಲಿಯುತ್ತಿದ್ದರೆ ನಾವು ಸೌಟು ಆಡಿಸುತ್ತಿದ್ದೆವು. ಮನೆಗೆ ಹೋದಾಗ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಹೇಳಿಕೊಳ್ಳುವುದಕ್ಕೇ ನಾಚಿಕೆ.

ನಾನು ಮಾಡಿದ ಮೊದಲ ಸರಿ ಗೋಡೆಗೆ ಮೆತ್ತಬಹುದಾದ ಗಂಟುಗಳ ರಾಶಿ. ಅವರು ಮುಖ ಸಿಂಡರಿಸದೆ ಪೂರ್ತಿ ತಿಂದರು. ಮೀಸೆ ಒರೆಸಿಕೊಂಡು, "ಸರ್ಜರಿ ತಗೋಳಯ್ಯಾ ನೀನು" ಅಂದರು. ಎರಡನೆಯ ದಿನ ಹೆದರಿಕೊಂಡು ನೀರು ಜಾಸ್ತಿ ಹಾಕಿದೆ. ಚಮಚದಲ್ಲಿ ತೆಗೆದು ಓರೆ ಮಾಡಿ ತೋರಿಸಿದರು. ಸರಿ ಸರ್ರನೆ ಜಾರಿಹೋಯಿತು. "ನೋಡು, ಚಮಚದಲ್ಲಿ ನಿಲ್ಲದ್ದು ಮೈಯಲ್ಲೂ ನಿಲ್ಲಲ್ಲ. ಮಗೀನ ಹೊಟ್ಟೆ ಇರೋದೇ ಒಂದು ಮುಷ್ಟಿ. ಅದನ್ನ ನೀರಲ್ಲಿ ತುಂಬಿಸಿದ್ರೆ ಮಗು ಸುಮ್ಮನೆ ಮಲಗುತ್ತೆ. ತಾಯಿಗೂ ಖುಷಿ, ನಿಂಗೂ ಖುಷಿ. ಮಗು ಮಾತ್ರ ಬೆಳೆಯಲ್ಲ." ಆಮೇಲೆ ಒಂದು ಚಮಚ ತುಪ್ಪ ಬೆರೆಸಿ ಮತ್ತೆ ಒಲೆಯ ಮೇಲೆ ಇಡಿಸಿದರು. ಮೊಲೆಹಾಲು ಬಿಡಿಸದೆ, ಅರ್ಧ ವರ್ಷ ತುಂಬಿದ ಮೇಲೆ ಮೆತ್ತಗಿನ ಗಟ್ಟಿ ಊಟ ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. ಕಾಯಿಲೆ ಬಿದ್ದೆದ್ದ ಮೇಲೆ ಇನ್ನೂ ಒಂದು ಸಲ ಹೆಚ್ಚು. ಪರೀಕ್ಷೆಗೆ ಉರು ಹೊಡೆದು ಮರೆತದ್ದೆಲ್ಲ ನನಗೆ ಆ ಸ್ಟೌ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆಗೆ ಹೋಯಿತು.

ಅವರ ಮೀಸೆ ಕಂಡರೆ ಮಕ್ಕಳು ಕಿಟಾರನೆ ಕಿರುಚುತ್ತಿದ್ದವು. ಮಕ್ಕಳ ಡಾಕ್ಟರಿಗೆ ಇದಕ್ಕಿಂತ ದೊಡ್ಡ ಕಷ್ಟ ಏನಿದೆ? ಬೋಳಿಸಿಬಿಡಿ ಸಾರ್ ಎಂದು ನರ್ಸಮ್ಮನೊಬ್ಬರು ಹೇಳಿಯೂ ಹೇಳಿದ್ದರು. ಅವರು ಮೀಸೆ ಬಿಡಲಿಲ್ಲ, ಬೇರೆ ಉಪಾಯ ಹುಡುಕಿಕೊಂಡಿದ್ದರು. ನೆಲದ ಮೇಲೆ, ಮಗುವಿನ ಕಡೆ ಅರ್ಧ ಬೆನ್ನು ಹಾಕಿ ಕೂರುವುದು. ಬಟ್ಟಲಿನಿಂದ ತಾವೇ ಒಂದು ಚೂರು ತಿಂದು, ಬಹಳ ರುಚಿಯಾಗಿದೆ ಎನ್ನುವ ಹಾಗೆ ತಲೆದೂಗುವುದು. ಸ್ವಲ್ಪ ಹೊತ್ತಿಗೆ ಮಗುವೇ ತೆವಳಿಕೊಂಡು ಬಂದು ಅವರ ತೊಡೆ ಹಿಡಿಯುತ್ತಿತ್ತು. ನಮಗೆ ತಡೆಯುತ್ತಿರಲಿಲ್ಲ, ಆ ಮಾಡು, ಆ ಮಾಡು ಎಂದು ಮಗುವಿನ ಮುಖಕ್ಕೇ ಚಮಚ ಹಿಡಿಯುತ್ತಿದ್ದೆವು. "ಮಗು ಬಾಯಿ ತೆಗೆಯೋವರೆಗೂ ನೀನು ಬಾಯಿ ಮುಚ್ಕೊಂಡಿರು" ಎನ್ನುತ್ತಿದ್ದರು.

ತಾಯಂದಿರನ್ನು ಯಾರಾದರೂ ಗದರಿದರೆ ಮಾತ್ರ ಅವರಿಗೆ ಎಲ್ಲಿಲ್ಲದ ಕೋಪ. ಒಮ್ಮೆ ನನ್ನ ಜೊತೆಯವನೊಬ್ಬ ಒಬ್ಬಾಕೆಗೆ, "ಮಗೂಗೆ ಊಟ ಹಾಕೋಕೂ ಬರಲ್ವೇನ್ರೀ ನಿಮಗೆ?" ಎಂದುಬಿಟ್ಟ. ಇವರು ಹಟಮಾರಿ ಮಗುವೊಂದನ್ನು ಎತ್ತಿ ಅವನ ತೊಡೆಯ ಮೇಲೆ ಕೂರಿಸಿ, ಕೈಗೆ ಬಟ್ಟಲು ಕೊಟ್ಟು ಹೋದರು. ವಾಪಸು ಬಂದಾಗ ಅವನ ಬಿಳಿ ಕೋಟು ರಾಗಿ ಬಣ್ಣಕ್ಕೆ ತಿರುಗಿತ್ತು, ಬಟ್ಟಲು ಮಾತ್ರ ತುಂಬಿಯೇ ಇತ್ತು. ಅವನು ಗದರಿದ್ದ ತಾಯಿಯೇ ಬಂದು ಮಗುವನ್ನು ಎತ್ತಿಕೊಂಡಳು.

ಹಿರಿಯ ಹೆಂಗಸರ ಹತ್ತಿರ ಅವರು ಮಾತಾಡುವ ರೀತಿಯೇ ಬೇರೆ. ಗುಬ್ಬಿ ಕಡೆಯ ಒಬ್ಬ ಅಜ್ಜಿ ಮೊಮ್ಮಗ ಹುಟ್ಟಿದ ದಿನ, ಸೊಸೆಯ ಮೊದಲ ಹಾಲು ಕೆಟ್ಟದ್ದು, ಹಳದಿ ಇದೆ, ಹಿಂಡಿ ಚೆಲ್ಲಬೇಕು ಎಂದು ಹಟ ಹಿಡಿದು ಕೂತಿದ್ದಳು. ನಾನು ರೋಗನಿರೋಧಕ ಶಕ್ತಿ ಎಂದೆಲ್ಲ ಶುರುಮಾಡಿದ್ದೆ. ಅಜ್ಜಿ ಕಿಟಕಿಯಾಚೆ ನೋಡುತ್ತಿದ್ದಳು. ಇವರು ಬಂದು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

"ಅಜ್ಜಿ, ಮನೇಲಿ ಹಸು ಐತಾ?"

"ಎರಡವೆ ಸ್ವಾಮಿ."

"ಕರು ಹಾಕಿದ್ರೆ ಗಿಣ್ಣು ಏನ್ಮಾಡ್ತೀರಾ?"

"ಬೆಲ್ಲ ಏಲಕ್ಕಿ ಹಾಕಿ ಬೇಯ್ಸಿ ಕೇರಿಗೆಲ್ಲಾ ಕೊಡ್ತೀವಿ. ಅದೇನ್ ಬುಡಾಕಾಯ್ತದಾ?"

"ಕರೂಗೆ?"

"ಮೊದ್ಲು ಕರೂಗೇ ಬುಡೋದು ಸ್ವಾಮಿ. ಅದುನ್ನ ಕುಡೀದಿದ್ರೆ ಕರು ಮೇಲೇಳ್ತದಾ?"

ಇವರು ಮಗುವಿನ ಕಡೆ ನೋಡಿದರು, ಅಜ್ಜಿಯ ಕಡೆ ನೋಡಿದರು. ಅಜ್ಜಿಗೆ ಅರ್ಥವಾಯಿತು. ಆಮೇಲೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕು, ಅವರ ಭುಜಕ್ಕೆ ಒಂದು ಏಟು ಹಾಕಿ, ಮಗುವನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದಳು. ನಾನು ಆವತ್ತಿನಿಂದ ಆ ಪ್ರಶ್ನೆಯನ್ನು ಕದ್ದಿಟ್ಟುಕೊಂಡಿದ್ದೇನೆ, ಕುಣಿಗಲ್ಲಿನ ನನ್ನ ಕ್ಲಿನಿಕ್ಕಿನಲ್ಲಿ ಈಗಲೂ ಕೇಳುತ್ತೇನೆ.

ಇಷ್ಟು ಹೇಳಿದರೆ ಅವರೊಬ್ಬ ತಮಾಷೆಯ ಮನುಷ್ಯ ಎಂದಷ್ಟೇ ಅನ್ನಿಸಬಹುದು. ಅಮೃತೂರಿನ ಕಡೆಯ ಆ ಮಗುವಿನ ವಿಷಯ ಹೇಳದಿದ್ದರೆ ಅವರ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ.

ಹತ್ತು ತಿಂಗಳ ಹೆಣ್ಣುಮಗು. ಮೊದಲ ಸಲ ನಮ್ಮ ವಾರ್ಡಿಗೆ ಬಂದಾಗ ಕೈಕಾಲು ಕಡ್ಡಿ, ಮುಖ ಮುದುಕಿಯದು. ಜೊತೆಗೆ ಮಾತೇ ಆಡದ ಚಿಕ್ಕ ವಯಸ್ಸಿನ ತಾಯಿ, ಮತ್ತು ಆಕೆಯ ಅತ್ತೆ. ಮಾತೆಲ್ಲ ಅತ್ತೆಯದೇ. ನಾವು ಸರದಿಯ ಮೇಲೆ ತಿನ್ನಿಸಿದೆವು. ಮಗು ಚೆನ್ನಾಗಿ ತಿಂದಿತು, ಮೈ ತುಂಬಿತು, ನಕ್ಕಿತು. ಮನೆಯಲ್ಲಿ ಹೇಗೆ ಮಾಡಿಕೊಡಬೇಕು ಎಂದು ತೋರಿಸಿ, ಒಂದು ಪೊಟ್ಟಣ ಹಿಟ್ಟೂ ಕೊಟ್ಟು ಕಳಿಸಿದೆವು. "ಆಯ್ತು ಸ್ವಾಮಿ, ಕೊಡ್ತೀವಿ" ಎಂದಳು ಅತ್ತೆ. ಒಂದೂವರೆ ತಿಂಗಳಿಗೆ ಅದೇ ಮಗು, ಮೊದಲಿಗಿಂತ ಸೊರಗಿ, ಎದೆ ತುಂಬ ಕಫ ಕಟ್ಟಿಕೊಂಡು ಬಂತು. ಮತ್ತೆ ಔಷಧಿ, ಮತ್ತೆ ಊಟ, ಮತ್ತೆ ನಗು. ಅದೇ "ಕೊಡ್ತೀವಿ ಸ್ವಾಮಿ." ಎರಡನೆಯ ಸಲ ಅವರು ಹೊರಟ ಮೇಲೆ ಪ್ರೊಫೆಸರು ಬಹಳ ಹೊತ್ತು ಗೇಟಿನ ಕಡೆ ನೋಡುತ್ತಾ ನಿಂತಿದ್ದರು. "ಇನ್ನೊಂದು ಸಲ ಹಿಂಗೇ ಬಂದ್ರೆ ಈ ಮಗು ಉಳಿಯಲ್ಲ ಕಣೋ" ಅಂದರು.

ಮೂರೇ ದಿನಕ್ಕೆ ನನ್ನನ್ನು ಕರೆದುಕೊಂಡು ಹೊರಟರು. ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರು, ಆಮೇಲೆ ತೆಂಗಿನ ತೋಟಗಳ ನಡುವೆ ನಡಿಗೆ. ಬಡತನದ ಮನೆ ಇರಬೇಕು ಎಂದುಕೊಂಡಿದ್ದೆ. ಅಂಗಳದಲ್ಲಿ ಹಸು ಕಟ್ಟಿತ್ತು, ಜಗಲಿಯಲ್ಲಿ ರಾಗಿ ಮೂಟೆ, ಮೂಲೆಯಲ್ಲಿ ತೆಂಗಿನಕಾಯಿ ರಾಶಿ. ನಾವು ಕೊಟ್ಟ ಹಿಟ್ಟಿನ ಪೊಟ್ಟಣ ಗೋಡೆಯ ಗೂಟದಲ್ಲಿ, ಕಟ್ಟಿದ ದಾರ ಬಿಚ್ಚದೆ, ಹಾಗೇ ನೇತಾಡುತ್ತಿತ್ತು. ನನಗೆ ರಕ್ತ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರು ನನ್ನ ಕಾಲು ತುಳಿದರು.

"ಮಗು ಇವತ್ತು ಏನು ತಿಂತಮ್ಮಾ?" ಎಂದರು.

ಅತ್ತೆ ಸುಳ್ಳು ಹೇಳಲಿಲ್ಲ. "ಎದೆಹಾಲು ಕುಡೀತು. ಮನೇಲಿ ಇನ್ನೂ ಅನ್ನ ಮುಟ್ಟಿಸಿಲ್ಲ ಸ್ವಾಮಿ. ನಮ್ಮನೆ ಮಕ್ಕಳಿಗೆ ಮೊದಲ್ನೇ ತುತ್ತು ಸೋದರಮಾವ ಇಡ್ಬೇಕು. ಅವ್ನು ಬರೋವರ್ಗೂ ಒಲೆ ಮೇಲಿಂದು ಏನೂ ಕೊಡಂಗಿಲ್ಲ."

"ಆಸ್ಪತ್ರೇಲಿ ತಿಂತಲ್ಲ?"

"ಅದು ಔಷ್ದಿ."

"ಇಲ್ಲೂ ಔಷ್ದಿ ಅಂದ್ಕೊಂಡೇ ಕೊಡಿ."

"ನಮ್ಮ ಒಲೇಲಿ ಬೇಯ್ಸಿದ್ದು ಔಷ್ದಿ ಹೆಂಗಾಯ್ತದೆ ಸ್ವಾಮಿ?" ಎಂದಳು ಆಕೆ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

ವಾರ್ಡಿನಲ್ಲಿ ತೂಕ ನೋಡಿ ಬೀಗುತ್ತಿದ್ದ ನಮಗೆ, ಯಾಕೆ ಕೊಡುತ್ತಿಲ್ಲ ಎಂದು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಏನು ಕೊಡಬೇಕು ಎಂಬುದನ್ನಷ್ಟೇ ಹೇಳುತ್ತಿದ್ದೆವು. ಸೋದರಮಾವ ಬಾರದಿರುವ ಕಾರಣ ಒಂದೊಂದಾಗಿ ಹೊರಬಂತು. ಮಗುವಿನ ತಾಯಿಯ ತಮ್ಮ ಗುಬ್ಬಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಮಗುವಿನ ನಾಮಕರಣಕ್ಕೆ ಇವರು ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಕರೆಯಲಿಲ್ಲ. ರಾಗಿ ಕುಯ್ಲಿನ ಸಮಯ, ಮನೆಯಲ್ಲಿ ಆಳಿರಲಿಲ್ಲ, ಬಸ್ಸಿನ ಕಂಡಕ್ಟರ ಬಾಯಲ್ಲಿ ಹೇಳಿ ಕಳಿಸಿದರು. ಅವನಿಗೆ ಅವಮಾನವಾಯಿತು, ಬರಲಿಲ್ಲ. ಬರಲಿಲ್ಲವೆಂದು ಇವರಿಗೆ ಅವಮಾನವಾಯಿತು, ಮತ್ತೆ ಕರೆಯಲಿಲ್ಲ. ಮಗುವಿನ ಅಪ್ಪ ಅತ್ತೆ ಇದನ್ನೆಲ್ಲ ಹೇಳುವಾಗ ಬಾಗಿಲಿಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ. ತಾಯಿ ಮಗುವನ್ನು ಎದೆಗೆ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

"ನಾನು ಹೋಗಿ ಕರೆದ್ರೆ?" ಎಂದರು ಪ್ರೊಫೆಸರು.

ಅತ್ತೆ ಮಗನ ಮುಖ ನೋಡಿದಳು. "ನಾವಂತೂ ಹೋಗಾಕಿಲ್ಲ. ನೀವು ಹಿರೀಕ್ರು, ಹೋಯ್ತೀನಿ ಅಂದ್ರೆ ಬ್ಯಾಡ ಅನ್ನಾಕಿಲ್ಲ" ಅಂದಳು.

ಸೋಮವಾರ ಎಂದು ದಿನ ಗೊತ್ತಾಯಿತು. ಅಲ್ಲಿಯ ತನಕ ಮಗು ಸೊರಗುವುದು ಬೇಡವೆಂದು, ಔಷಧಿಗೆ ಎಂದು ಹೇಳಿ ತಾಯಿ ಮಗು ಇಬ್ಬರನ್ನೂ ವಾರ್ಡಿಗೆ ಕರೆತಂದರು. ಬಸ್ಸಿನಲ್ಲಿ ನನ್ನ ಕೋಪ ಇಳಿದಿರಲಿಲ್ಲ. "ಮಗು ಉಪವಾಸ ಬಿದ್ದಿದೆ ಸಾರ್, ಇವರಿಗೆ ಎಲೆ ಅಡಿಕೆ ಬೇಕಾ?" ಎಂದೆ. "ನಿಂಗೆ ಡಿಗ್ರಿ ಸರ್ಟಿಫಿಕೇಟು ಪೋಸ್ಟಲ್ಲಿ ಕಳಿಸ್ಲಾ, ಇಲ್ಲ ಕರೆದು ಕೈಗೆ ಕೊಡ್ಲಾ?" ಅಂದರು. ನಾನು ಘಟಿಕೋತ್ಸವಕ್ಕೆಂದು ಗೌನು ಹೊಲಿಸಿಟ್ಟುಕೊಂಡಿದ್ದೆ. ಕುಣಿಗಲ್ ಬರುವ ತನಕ ಕಿಟಕಿಯಾಚೆ ನೋಡಿದೆ.

ಮರುದಿನ ಗುಬ್ಬಿ. ಜೀವಮಾನದಲ್ಲಿ ತಮ್ಮ ಮನೆಯ ಒಂದು ಶುಭಕಾರ್ಯಕ್ಕೂ ಯಾರನ್ನೂ ಕರೆದವರಲ್ಲ ಅವರು. ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಮಾರುವಾಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಲೆಯ ತುದಿ ಯಾವ ಕಡೆ ಬರಬೇಕು, ಅಡಿಕೆ ಎಷ್ಟಿಡಬೇಕು, ಬಾಳೆಹಣ್ಣು ಇಡಬಹುದೋ ಎಂದು ಒಂದೊಂದೇ ಕೇಳಿಕೊಂಡರು. ಒಂದು ಸ್ಟೀಲ್ ತಟ್ಟೆ ಕೊಂಡರು. ಆ ಎತ್ತರದ ಮನುಷ್ಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗುಬ್ಬಿಯ ರಸ್ತೆಯಲ್ಲಿ ನಡೆಯುತ್ತಿದ್ದರೆ ಜನ ತಿರುಗಿ ನೋಡುತ್ತಿದ್ದರು. ನಾನು ಸ್ವಲ್ಪ ಹಿಂದೆಯೇ ಉಳಿದುಕೊಂಡೆ.

ಅಂಗಡಿಯಲ್ಲಿ ಹುಡುಗ ಅನ್ನಬಹುದಾದ ವಯಸ್ಸಿನವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಇವನೇ ಸೋದರಮಾವ. ತಲೆಯೆತ್ತದೆ, "ಗಾಡಿ ಎಲ್ಲಿ ಸಾರ್?" ಅಂದ.

"ಗಾಡಿ ಇಲ್ಲಪ್ಪ. ಕರೆಯೋಕೆ ಬಂದಿದೀನಿ. ಸೋಮವಾರ ನಿಮ್ಮಕ್ಕನ ಮಗೀಗೆ ಅನ್ನ ಮುಟ್ಟಿಸ್ಬೇಕು. ನೀವು ಬಂದು ನಡೆಸ್ಕೊಡ್ಬೇಕು."

ಅವನ ಕೈ ನೀರಿನಲ್ಲೇ ನಿಂತಿತು. ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಅವ್ರಿಗೆ ಏನಾಗ್ಬೇಕು?"

ಪ್ರೊಫೆಸರು, "ಇಲ್ಲಿವರೆಗೆ ಆ ಮಗೀಗೆ ತಿನ್ನಿಸಿರೋನು ನಾನು" ಅಂದರು.

ಅವನು ಕೈ ಒರೆಸಿಕೊಂಡ. ತಟ್ಟೆ ಮಾತ್ರ ಮುಟ್ಟಲಿಲ್ಲ. "ಅಂಗಡೀಲಿ ಕರೀಬಾರ್ದು ಸಾರ್. ಕರೆಯಂಗಿದ್ರೆ ಮನೆಗೆ ಬನ್ನಿ" ಎಂದು ಶಟರ್ ಎಳೆದ. ಮನೆಯಲ್ಲಿ ಅವನ ಹೆಂಡತಿ ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಪ್ರೊಫೆಸರು ಎದ್ದು ನಿಂತು, ಮತ್ತೆ ಮೊದಲಿಂದ ಅದೇ ಮಾತು ಹೇಳಿ ತಟ್ಟೆ ಚಾಚಿದರು. ಹೆಂಡತಿ ತೆಗೆದುಕೊಂಡಳು. ಅವನು, "ನೋಡಾನ" ಎಂದಷ್ಟೇ ಹೇಳಿದ.

ನನಗೆ ಒಂದೇ ಯೋಚನೆ. ಮಗುವಿನ ಸ್ಥಿತಿ ಹೇಳಿಬಿಟ್ಟಿದ್ದರೆ ಓಡಿ ಬರುತ್ತಿದ್ದನಲ್ಲ, ಯಾಕೆ ಹೇಳಲಿಲ್ಲ ಎಂದು ದಾರಿಯಲ್ಲಿ ಕೇಳಿದೆ. "ಬರ್ತಿದ್ದ ಕಣೋ. ಮಗು ಸಾಯೋ ಹಂಗಾದ ಮೇಲೆ ನನ್ನ ನೆನಪಾಯ್ತಾ ಅಂತ ಅವರನ್ನ ಕೇಳ್ತಿದ್ದ. ತುತ್ತು ಇಟ್ಟು ಎದ್ದು ಹೋಗ್ತಿದ್ದ. ಜಗಳ ಅಲ್ಲೇ ಕೂತಿರ್ತಿತ್ತು. ಸೋಮವಾರ ಬರದೇ ಇದ್ರೆ ಹೇಳೋಣ" ಅಂದರು. ಆದರೆ ಅವರ ಮುಖದಲ್ಲಿ ಧೈರ್ಯ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ತಾಯಿ ಮಗುವಿನ ಜೊತೆ ನಾವೂ ಹೋದೆವು. ಅತ್ತೆ ಮನೆ ಸಾರಿಸಿ, ರಂಗೋಲಿ ಬಿಟ್ಟು, ಮೆತ್ತಗೆ ಅನ್ನ ಬೇಯಿಸಿ, ಬೇಳೆ ತುಪ್ಪ ಹಾಕಿ ಕಿವುಚಿ ಇಟ್ಟಿದ್ದಳು. ಮಣೆ ಹಾಕಿತ್ತು. ಮಣೆಯ ಮೇಲೆ ಕೂರುವವನು ಇಲ್ಲ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಎಲ್ಲರೂ ತಲೆ ಎತ್ತುವುದು, ಯಾರೂ ಬಾರದೆ ಮತ್ತೆ ತಗ್ಗಿಸುವುದು. ಮಗು ಅನ್ನದ ವಾಸನೆಗೆ ಆ ಕಡೆ ಕೈಚಾಚಿ ಅಳಲು ಶುರುಮಾಡಿತು. ವಾರ್ಡಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಒಂದು ಬಟ್ಟಲು ಮುಗಿಸಿರುತ್ತಿತ್ತು. ಮಗು ಅಳುವುದನ್ನು ಒಂದು ಗಳಿಗೆಯೂ ತಡೆದುಕೊಳ್ಳಲಾಗದ ಪ್ರೊಫೆಸರು ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು ಕಂಬದ ಪಕ್ಕ ನಿಂತಿದ್ದರು.

ಬಿಸಿಲು ನೆತ್ತಿಯಿಂದ ಇಳಿದ ಮೇಲೆ ಅವನು ಬಂದ. ಹೆಂಡತಿಯ ಕೈಯಲ್ಲಿ ಹೊಸ ಲಂಗದ ಪೊಟ್ಟಣ. ಅತ್ತೆ ಕಾಲಿಗೆ ನೀರು ಕೊಟ್ಟಳು. ಅವನು ಕಾಲು ತೊಳೆದು, ಆಮೇಲೆ ಕೈಗೆ ಮಣ್ಣು ಹಚ್ಚಿ, ಸೋಪು ಹಚ್ಚಿ, ಮತ್ತೆ ಮಣ್ಣು ಹಚ್ಚಿ ಉಜ್ಜಿದ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಮಣೆಯ ಮೇಲೆ ಕೂತ. ತಾಯಿ ಮಗುವನ್ನು ಅವನ ತೊಡೆಗೆ ಹಾಕಿ ಹಿಂದೆ ಸರಿದಳು. ಅಕ್ಕ ತಮ್ಮ ಮುಖ ನೋಡಿಕೊಳ್ಳಲಿಲ್ಲ. ಅವನು ಎರಡು ಬೆರಳಲ್ಲಿ ಚೂರು ಅನ್ನ ತೆಗೆದು, ಶಾಸ್ತ್ರಕ್ಕೆ ಎನ್ನುವಂತೆ ಮಗುವಿನ ತುಟಿಗೆ ತಾಗಿಸಿದ.

ಮಗುವಿಗೆ ಶಾಸ್ತ್ರ ಗೊತ್ತಿರಲಿಲ್ಲ. ಬಾಯಿ ಅಗಲಿಸಿ ಅನ್ನದ ಜೊತೆ ಅವನ ಬೆರಳನ್ನೂ ಕಚ್ಚಿಕೊಂಡಿತು, ಬಿಡಲೇ ಇಲ್ಲ.

ಅವನು ಬೆಚ್ಚಿ, ಆಮೇಲೆ ನಕ್ಕುಬಿಟ್ಟ. "ಕಚ್ತಾಳೆ ಕಣಕ್ಕ ಇವ್ಳು" ಎಂದ.

ಇಷ್ಟು ದಿನ ವಾರ್ಡಿನಲ್ಲಾಗಲಿ ಮನೆಯಲ್ಲಾಗಲಿ ಒಂದು ಮಾತೂ ಆಡದಿದ್ದ ಆ ತಾಯಿ, ಅತ್ತೆಯ ಮುಂದೆ, ಗಂಡನ ಮುಂದೆ, ನಮ್ಮೆಲ್ಲರ ಮುಂದೆ ಬಾಯಿ ಬಿಟ್ಟಳು. "ಇನ್ನೊಂದ್ ತುತ್ತು ಹಾಕೋ. ಹಸ್ಕೊಂಡವ್ಳೆ."

ಅತ್ತೆ ಎದ್ದು ಒಳಗೆ ಹೋದಳು. ಅನ್ನದ ಪಾತ್ರೆಯನ್ನೇ ಎತ್ತಿಕೊಂಡು ಬಂದು ಅವನ ಮುಂದೆ ಇಟ್ಟಳು. ಅವನು ತಿನ್ನಿಸುತ್ತಲೇ ಹೋದ, ಮಗು ತಿನ್ನುತ್ತಲೇ ಹೋಯಿತು.

ಪ್ರೊಫೆಸರು ಕಂಬಕ್ಕೆ ಬೆನ್ನು ಕೊಟ್ಟು ಹಾಗೇ ಕೆಳಕ್ಕೆ ಜಾರಿ ನೆಲದ ಮೇಲೆ ಕೂತರು. ಕಣ್ಣು ಒರೆಸಿಕೊಂಡರು, ಮುಚ್ಚಿಡಲಿಲ್ಲ. "ತಾಯೀ, ನಮಗೂ ಎರಡು ಎಲೆ ಹಾಕಿಸಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದರು.

ನಾನೂ ತಿಂದಿರಲಿಲ್ಲ. ಅದು ನನಗೆ ಗೊತ್ತಾದದ್ದೇ ಆಗ.